ರಾಣಿಯ ದನಿ

"ಏನು ಬೇಕಾದ್ರೂ ಹೋಗ್ಲಿ ಮೇಡಂ, ರಾಣಿ ಮಾತ್ರ ಹೋಗಬಾರದು."

ಕಂಪ್ಯೂಟರ್ ರಿಪೇರಿ ಅಂಗಡಿಯ ಕೌಂಟರಿನಾಚೆ ನಿಂತವನು ಲ್ಯಾಪ್‌ಟಾಪನ್ನು ಮಗುವಿನಂತೆ ಎರಡೂ ಕೈಯಲ್ಲಿ ಹಿಡಿದಿದ್ದ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ವಿಂಡೋಸ್ ಇದ್ದ ಹಾಗೇ ಇರಬೇಕು, ಫೈಲುಗಳೂ ಇರಬೇಕು, ಪಕ್ಕದಲ್ಲಿ ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂ ಬರಬೇಕು. ಅವನಿಗೆ ಬೇಕಾದ ಪ್ರೋಗ್ರಾಂ ಅದರಲ್ಲಿ ಮಾತ್ರ ನಡೆಯುತ್ತಿತ್ತು.

ರಾಣಿ ಯಾರು? ಪ್ರಶ್ನೆ ಕೌಂಟರಿನ ಈಚೆ ಕೂತಿದ್ದ ಅವಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

"ಮೊದಲು ಎಲ್ಲದರ ಕಾಪಿ ತೆಗೀತೀನಿ. ಆಮೇಲೆ ವಿಂಡೋಸ್‌ನ ಸ್ವಲ್ಪ ಸರಿಸಿ, ಖಾಲಿಯಾದ ಜಾಗದಲ್ಲಿ ಇದನ್ನ ಕೂರಿಸ್ತೀನಿ. ಆನ್ ಮಾಡಿದಾಗ ಯಾವುದು ಬೇಕು ಅಂತ ಅದೇ ಕೇಳತ್ತೆ."

"ಎರಡೂ ಜಗಳ ಆಡಲ್ವಾ?"

"ಕೂರಿಸೋರು ಸರಿಯಾಗಿದ್ರೆ ಆಡಲ್ಲ."

ಅವನು ನಕ್ಕ. ಎಡಗೆನ್ನೆಯಲ್ಲಿ ಮಾತ್ರ ಗುಳಿ ಬಿತ್ತು. ಬಲಗೆನ್ನೆಯಲ್ಲೂ ಬೀಳುತ್ತದೋ ಎಂದು ಅವಳು ಒಂದು ಗಳಿಗೆ ಹೆಚ್ಚೇ ನೋಡಿದಳು. ಒಳಗಿನಿಂದ ಸೋದರತ್ತೆ ಕೆಮ್ಮಿದಳು. ಅಂಗಡಿ ಅತ್ತೆಯದೇ.

ಅವನು ಹೋದ ಮೇಲೆ ಕಾಪಿ ಶುರುವಾಯಿತು. ಎಲ್ಲಕ್ಕಿಂತ ದೊಡ್ಡ ಫೋಲ್ಡರಿನ ಹೆಸರು ರಾಣಿ.

"ಅರ್ಧ ಡಿಸ್ಕ್ ಹಿಡ್ಕೊಂಡಿದಾಳೆ ಅಂದ್ರೆ ಹೆಂಡ್ತೀನೇ ಇರಬೇಕು" ಎಂದಳು ಅತ್ತೆ.

"ನಮಗ್ಯಾಕತ್ತೆ?" ಎಂದಳು ಇವಳು. ಆದರೂ ಮನಸ್ಸು ಯಾಕೋ ಹುಳಿಯಾಯಿತು.

ಕಾಪಿ ಮುಗಿದು, ವಿಂಡೋಸನ್ನು ಸರಿಸುವ ಕೆಲಸ ಅರ್ಧ ಆಗಿತ್ತು. ಚಹಾ ತರುತ್ತಿದ್ದ ಅತ್ತೆಯ ಕಾಲು ವೈರಿಗೆ ಸಿಕ್ಕಿತು. ಪ್ಲಗ್ ಕಿತ್ತು ಬಂತು. ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಸತ್ತಿತ್ತು. ಪರದೆ ಕಪ್ಪಾಯಿತು. ಮತ್ತೆ ಆನ್ ಮಾಡಿದರೆ ವಿಂಡೋಸ್ ಏಳಲೇ ಇಲ್ಲ.

"ಕಾಪಿ ಇದೆಯಲ್ಲ?" ಅತ್ತೆಯ ಮುಖ ಬಿಳಿಚಿಕೊಂಡಿತ್ತು.

ಇತ್ತು. ಸರಿಯಾಗಿದೆಯೇ ಎಂದು ನೋಡಲು ಅವಳು ರಾಣಿಯ ಒಂದು ಫೈಲು ತೆರೆದಳು. ಅದು ರೆಕಾರ್ಡಿಂಗ್. ಓಡುತ್ತಿತ್ತು, ಆದರೆ ಸದ್ದೇ ಇಲ್ಲ. ಇನ್ನೊಂದು ತೆರೆದಳು. ಅದೂ ಮೌನ. ಮೂರನೆಯದೂ ಅಷ್ಟೇ.

"ಡಿಸ್ಕೇ ಹಳೇದಿತ್ತು ಅಂದ್ಬಿಡು" ಎಂದಳು ಅತ್ತೆ, ಮೆಲ್ಲಗೆ.

ಅವಳು ಒಪ್ಪದೆ ಅವನಿಗೆ ಫೋನ್ ಮಾಡಿದಳು.

ಅವನು ತೋಳಿಗೆ ಮೆತ್ತಿದ್ದ ಸೀಮೆಸುಣ್ಣವನ್ನೂ ಒರೆಸಿಕೊಳ್ಳದೆ ಓಡಿಬಂದ.

"ತಪ್ಪು ನಮ್ಮದೇ ಸರ್. ಫೈಲು ಉಳಿದಿವೆ. ಆದ್ರೆ ರಾಣಿಯವರ ದನಿ ಕೇಳಿಸ್ತಿಲ್ಲ."

ಅವನು ಅವಳನ್ನೇ ನೋಡಿದ. ಬಿಗಿದಿದ್ದ ಮುಖ ಸಡಿಲವಾಯಿತು. "ಕೇಳಿಸಲ್ಲ ಮೇಡಂ, ನಂಗೂ ಕೇಳಿಸಲ್ಲ. ರಾಣಿ ಬಾವಲಿ."

ಅತ್ತೆಯ ಚಹಾ ಲೋಟ ಬಾಯಿಯ ಹತ್ತಿರವೇ ನಿಂತಿತು.

ಹಳೆಯ ಸೇತುವೆಯ ಕೆಳಗೆ ಇದ್ದಾಳಂತೆ. ಒಂದು ಕಿವಿ ಹರಿದಿದೆ. ಸಂಜೆ ಎಲ್ಲರಿಗಿಂತ ಮೊದಲು ಹೊರಬೀಳುವವಳು ಅವಳೇ. ಅವಳ ಕೂಗು ಮನುಷ್ಯರ ಕಿವಿಗೆ ನಿಲುಕದಷ್ಟು ತೀಕ್ಷ್ಣ. ನಿಧಾನ ಮಾಡಿ ಕೇಳಿಸುವ ಪ್ರೋಗ್ರಾಮಿಗಾಗಿಯೇ ಅವನಿಗೆ ಲಿನಕ್ಸ್ ಬೇಕಿತ್ತು.

"ಈವರೆಗೆ ರೆಕಾರ್ಡರಿನ ಪರದೇಲಿ ಬರೀ ಅವಳ ಕೂಗಿನ ಗೆರೆ ನೋಡಿದೀನಿ. ದನಿ ಒಂದ್ಸಲಾನೂ ಕೇಳಿಲ್ಲ. ಕಾಪಿ ಸರಿಯಾಗಿದ್ಯೋ ಇಲ್ವೋ, ನಂಗೂ ಗೊತ್ತಿಲ್ಲ."

ಅವಳು ಕೆಲಸಕ್ಕೆ ಕೂತಳು. ವಿಂಡೋಸನ್ನು ಹೊಸದಾಗಿ ಹಾಕಿದಳು, ಫೈಲುಗಳನ್ನು ಮರಳಿ ತುಂಬಿದಳು, ಉಳಿಸಿಟ್ಟ ಜಾಗದಲ್ಲಿ ಲಿನಕ್ಸ್ ಕೂರಿಸಿದಳು. ಅವನು ಸ್ಟೂಲಿನ ಮೇಲೆ ಕೂತು, ಅವಸರ ಮಾಡದೆ, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದ. ಅವಳಿಗೆ ಕೇಳಿದಷ್ಟೂ ಸಾಲದು.

"ಬಾವಲಿಗಳು ಕತ್ತಲಲ್ಲಿ ಡಿಕ್ಕಿ ಹೊಡ್ಕೊಳ್ಳಲ್ವಾ?"

"ಕೂಗ್ತಾ ಹೋಗ್ತಾವೆ. ಕೂಗು ತಿರುಗಿ ಬಂದ್ರೆ ಎದುರಿಗೆ ಏನೋ ಇದೆ ಅಂತ ಅರ್ಥ."

"ಬರ್ಲಿಲ್ಲ ಅಂದ್ರೆ?"

"ಇನ್ನೊಂದ್ಸಲ ಕೂಗ್ತಾವೆ."

ಹಾಗೆನ್ನುವಾಗ ಅವನ ಕಣ್ಣು ಪರದೆಯ ಮೇಲಿರಲಿಲ್ಲ. ಅವಳು ತಪ್ಪು ಕೀ ಒತ್ತಿದಳು.

ಕೊನೆಗೆ ಪ್ರೋಗ್ರಾಂ ತೆರೆಯಿತು. ಇಯರ್‌ಫೋನಿನ ಒಂದು ತುದಿ ಅವನ ಕಿವಿಗೆ, ಇನ್ನೊಂದು ಅವಳ ಕಿವಿಗೆ. ಮೊದಲು ಬರೀ ಗಾಳಿಯಂಥ ಸದ್ದು. ಆಮೇಲೆ, ಟಿಯುವ್... ಟಿಯುವ್... ತುಂಬಿದ ಕೊಡಕ್ಕೆ ಹನಿ ಬಿದ್ದಂತೆ. ಹನಿಗಳು ಹತ್ತಿರ ಹತ್ತಿರವಾಗಿ, ಒಂದರ ಮೇಲೊಂದು ಬಿದ್ದು, ಥಟ್ಟನೆ ನಿಂತವು.

"ಹುಳ ಸಿಕ್ತು ಅವಳಿಗೆ" ಎಂದು ಅವನು ಪಿಸುಗುಟ್ಟಿದ. ಕಣ್ಣು ತುಂಬಿತ್ತು.

ತಾನು ಅವನ ಮಣಿಕಟ್ಟು ಹಿಡಿದಿರುವುದು ಅವಳಿಗೆ ಆಗ ಗೊತ್ತಾಯಿತು. ಗೊತ್ತಾದ ಮೇಲೂ ಬಿಡಲಿಲ್ಲ. ಅತ್ತೆಗೆ ಒಳಗೆ ಏನೋ ಕೆಲಸ ನೆನಪಾಯಿತು.

ಸಂಜೆ ಅವನು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಬಾಗಿಲಲ್ಲಿ ನಿಂತ.

"ಎಲ್ಲ ಸರಿಯಾಗೋಯ್ತು. ಇನ್ನು ಇಲ್ಲಿಗೆ ಬರೋಕೆ ಕಾರಣಾನೇ ಇಲ್ಲ. ಅದೇ ಬೇಜಾರು."

ಅವಳು ತಲೆಯೆತ್ತದೆ ಟೇಬಲ್ ಒರೆಸುತ್ತಲೇ ಹೇಳಿದಳು: "ಕಾರಣ ಇಲ್ದೇನೇ ಬಾ."

ಬನ್ನಿ ಅಲ್ಲ, ಬಾ. ಬಾಯಿಂದ ಜಾರಿಬಿಟ್ಟಿತ್ತು. ಕಿವಿಯವರೆಗೂ ಕೆಂಪಾಗಿ ಅವಳು ಒರೆಸಿದ್ದನ್ನೇ ಒರೆಸಿದಳು.

ಅವನು ಒಂದು ಹೆಜ್ಜೆ ಒಳಗೆ ಬಂದ. "ಹಾಗಾದ್ರೆ ಇವತ್ತು ನೀನೂ ಬಾ. ರಾಣಿ ಹೊರಗೆ ಬರೋ ಹೊತ್ತಾಯ್ತು."

ಅವಳು ಒಳಗಿನ ಕೋಣೆಯ ಕಡೆ ನೋಡಿದಳು.

"ಹೋಗೇ, ಶಟರ್ ನಾನು ಎಳ್ಕೋತೀನಿ" ಎಂದಿತು ಒಳಗಿನಿಂದ ಅತ್ತೆಯ ದನಿ.