ಮೂರನೇ ಸೂಜಿ

ಸ್ಪಿರಿಟ್ಟಿನ ವಾಸನೆ ಬಂದರೆ ಸಾಕು, ಅವಳಿಗೆ ಅಮ್ಮ ನೆನಪಾಗುತ್ತಿದ್ದಳು. ಆಸ್ಪತ್ರೆಯ ಬಟ್ಟೆ ಒಗೆದು ಬಂದ ಅಮ್ಮ ಅಪ್ಪಿಕೊಂಡಾಗ ಮೂಗಿಗೆ ಮೊದಲು ತಾಗುತ್ತಿದ್ದುದು ಅದೇ. ಒಂದು ಸಂಜೆ ಅಮ್ಮನ ಬೆರಳಿಗೆ ಚಿಂದಿ ಸುತ್ತಿತ್ತು. ಹೊದಿಕೆಯೊಳಗೆ ಯಾರೋ ಬಿಟ್ಟಿದ್ದ ಸೂಜಿ ಚುಚ್ಚಿತ್ತಂತೆ.

"ಏನೂ ಆಗಲ್ಲ ಬಿಡೇ," ಎಂದಿದ್ದಳು ಅಮ್ಮ.

ಏನೂ ಆಗಲಿಲ್ಲ, ನಿಜ. ಆದರೆ ಏನಾಯಿತು ಎಂದು ಕೇಳಿದವರೂ ಯಾರೂ ಇರಲಿಲ್ಲ.

ಮಗಳು ದೊಡ್ಡವಳಾಗಿ ಆ ಕೇಳುವ ಕೆಲಸಕ್ಕೇ ಸೇರಿದಳು. ಅಗ್ನಿಶಾಮಕ ದಳದವರು, ಆಂಬುಲೆನ್ಸಿನವರು... ಹೀಗೆ ಯಾರ ಯಾರದೋ ರಕ್ತಕ್ಕೆ ಕೈಯೊಡ್ಡುವವರಿಗೆ ಲಸಿಕೆ ಹಾಕುವ ಪುಟ್ಟ ಆರೋಗ್ಯ ಕೊಠಡಿಯ ನರ್ಸ್ ಆದಳು.

ಆವತ್ತು ಬಾಗಿಲಿಗೆ ಹಣೆ ಬಡಿಸಿಕೊಂಡೇ ಅವನು ಒಳಗೆ ಬಂದ. ಅಗ್ನಿಶಾಮಕ ದಳದವನು. ಅವನ ಎತ್ತರ ನೋಡಿ ಠಾಣೆಯವರು ಇಟ್ಟ ಹೆಸರು ಏಣಿ.

"ಅಂಗಿ ತೋಳು ಮೇಲೆ ಮಡಚಿ. ಹೆಪಟೈಟಿಸ್ ಲಸಿಕೆ. ಒಟ್ಟು ಮೂರು ಸೂಜಿ."

"ಸಿಸ್ಟರ್... ಇದಕ್ಕೆ ಮಾತ್ರೆ ಇಲ್ವಾ?"

ಅವಳು ತಲೆಯೆತ್ತಿದಳು. ಇಷ್ಟೆತ್ತರದ ಆಳು, ಹಣೆಯ ತುಂಬ ಬೆವರು!

"ಬೆಂಕಿಯೊಳಗೆ ನುಗ್ತೀರಲ್ರೀ!"

"ಬೆಂಕಿ ಚುಚ್ಚಲ್ವಲ್ಲ ಸಿಸ್ಟರ್."

"ಆ ಕಡೆ ನೋಡಿ. ಬೆಳಿಗ್ಗೆ ಏನು ತಿಂದ್ರಿ, ಹೇಳಿ."

"ಅದ್ಯಾಕೆ ನಿಮಗೆ?"

"ಆಯ್ತು, ಎದ್ದೇಳಿ."

"ಹಾಕೇಬಿಟ್ರಾ?!"

ಅವನ ಕಣ್ಣು ಅಗಲವಾದದ್ದು ನೋಡಿ ಅವಳು ನಕ್ಕಳು. ಆ ನಗು ಸಂಜೆಯಾದರೂ ತುಟಿ ಬಿಟ್ಟು ಹೋಗಲಿಲ್ಲ.

ತಿಂಗಳಾದ ಮೇಲೆ ಎರಡನೇ ಸೂಜಿ. ಆವತ್ತು ಅವನು ಒಮ್ಮೆಯೂ ಸಿಸ್ಟರ್ ಎನ್ನಲಿಲ್ಲ.

"ನಾಲಿಗೆ ಏಳ್ತಿಲ್ಲ ಕಣ್ರೀ, ಹಾಗೆ ಕರೆಯೋಕೆ," ಎಂದ. ಅವನ ಕಿವಿ ಕೆಂಪಾಗಿತ್ತು. "ಮೂರನೆಯದೂ ನೀವೇ ಹಾಕ್ಬೇಕು. ಬೇರೆ ಯಾರ ಕೈಗೂ ತೋಳು ಕೊಡಲ್ಲ ನಾನು. ಆವತ್ತು... ನಿಮ್ಮನ್ನ ಒಂದು ಮಾತು ಕೇಳೋದಿದೆ."

ಅದೇನು ಮಾತೆಂದು ಅವಳು ಕೇಳಲಿಲ್ಲ. ಗೊತ್ತಿತ್ತು!

ಮೂರನೇ ಸೂಜಿಗೆ ಇನ್ನೂ ಐದು ತಿಂಗಳಿತ್ತು. ಅಷ್ಟೂ ದಿನ ಅವನು ಗ್ಲೌಸಿನ ಡಬ್ಬಿಯ ನೆಪದಲ್ಲಿ ಬಂದು ಹೋದ. ಬಂದಾಗಲೆಲ್ಲ ಅವಳದು ಒಂದೇ ಪಾಠ.

"ದಪ್ಪ ಗ್ಲೌಸಿನೊಳಗೆ ತೆಳುವಾದದ್ದೂ ಇರಬೇಕು. ರಕ್ತ ತಾಗಿದ್ರೆ?"

"ಸೋಪು, ನೀರು. ಗಾಯ ಹಿಂಡಬಾರದು. ಆ ಗಂಟೆಯಲ್ಲೇ ಡಾಕ್ಟರ್ ಹತ್ರ ಓಡಬೇಕು," ಎಂದು ಅವನು ಶಾಲೆಯ ಮಗುವಿನಂತೆ ಒಪ್ಪಿಸುತ್ತಿದ್ದ.

ಕೊನೆಗೂ ಆ ದಿನ ಬಂತು. ಅವಳು ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚೇ ಹೊತ್ತು ನಿಂತಳು. ಆದರೆ... ಅವನು ಬರಲಿಲ್ಲ. ಮರುದಿನವೂ ಇಲ್ಲ. ಫೋನೂ ಎತ್ತಲಿಲ್ಲ.

ಎರಡು ವಾರದ ಮೇಲೆ ಕಚೇರಿಯ ಕಾಗದಗಳ ನಡುವೆ ಅವನ ಲಸಿಕೆ ಕಾರ್ಡ್ ಬಂತು. ಮೂರನೇ ಸೂಜಿಯ ಜಾಗದಲ್ಲಿ ದೊಡ್ಡಾಸ್ಪತ್ರೆಯ ಮೊಹರು!

ಬೇರೆ ಕೈಗೆ ತೋಳು ಕೊಟ್ಟನೇ? ಹಾಗಾದರೆ ಆ ಮಾತು...?

ಕಣ್ಣು ತುಂಬಿ ಬಂತು. ಅವಳು ಚೀಲ ಹೆಗಲಿಗೇರಿಸಿ, ಊಟದ ಬಿಡುವಿನಲ್ಲೇ ಪಕ್ಕದ ಬೀದಿಯ ಠಾಣೆಗೆ ನಡೆದಳು.

ಅಂಗಳದಲ್ಲಿ ನೀರಿನ ಪೈಪುಗಳು ಒಣಗುತ್ತಿದ್ದವು. ಗೋಡೆಯ ನೆರಳಲ್ಲಿ ಅವನು ಕೂತಿದ್ದ. ಕೆನ್ನೆ ಒಳಗೆ ಹೋಗಿತ್ತು.

"ಹೇಗಿದ್ದೀರಿ... ಸಿಸ್ಟರ್?"

ಆ ಪದ ಅವಳ ಎದೆಗೇ ನಾಟಿತು.

"ಓಹೋ, ನಾಲಿಗೆ ಎದ್ದಿತಾ? ಇಷ್ಟವಿಲ್ಲ ಅಂದ್ರೆ ಬಾಯಿಬಿಟ್ಟು ಹೇಳಬಾರದಿತ್ತಾ? ಎರಡು ವಾರ ಕಣೋ... ಬಾಗಿಲು ಸದ್ದಾದಾಗಲೆಲ್ಲ ನೀನೇ ಅಂತ ಎದ್ದೆದ್ದು ನೋಡಿದೀನಿ!"

ಅವನು ಎಡಗೈ ಬಿಚ್ಚಿ ತೋರಿಸಿದ. ಅಂಗೈಯಲ್ಲಿ ಮಾಯುತ್ತಿರುವ ಒಂದು ಗೀರು.

"ಕಾರು ನುಜ್ಜುಗುಜ್ಜಾಗಿತ್ತು. ಒಳಗೆ ಒಬ್ಬಮ್ಮ ಸಿಕ್ಕಿಹಾಕಿಕೊಂಡಿದ್ರು. ಕೈ ಹಿಡ್ಕೊಳ್ಳಪ್ಪಾ ಅಂತ ಅತ್ತರು. ಆ ದಪ್ಪ ಗ್ಲೌಸಲ್ಲಿ ಹಿಡಿದ್ರೆ ಮರ ಹಿಡಿದ ಹಾಗಿರುತ್ತೆ. ಅದಕ್ಕೆ... ಬಿಚ್ಚಿದೆ."

"ಒಳಗೆ ತೆಳುವಾದದ್ದು?"

ಅವನು ತಲೆ ತಗ್ಗಿಸಿದ. "ಆತುರದಲ್ಲಿ ಹಾಕಿರಲಿಲ್ಲ. ಗಾಜು ಕುಯ್ದುಬಿಡ್ತು. ಅವರ ಕೈಯೆಲ್ಲ ರಕ್ತವಾಗಿತ್ತು. ನನ್ನ ರಕ್ತ ಕಂಡ ತಕ್ಷಣ ಆ ಅಮ್ಮನೇ ಕೈ ಬಿಡಿಸಿಕೊಂಡ್ರು. 'ನನಗೆ ಎಚ್‌ಐವಿ ಇದೆ ಮಗಾ, ಮೊದಲು ಹೋಗಿ ತೊಳ್ಕೋ' ಅಂದ್ರು. ಅಷ್ಟು ನೋವಲ್ಲೂ..."

ಅವಳು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟಳು.

"ತೊಳೆದ್ಯಾ?"

"ಸೋಪು, ನೀರು. ಹಿಂಡಲಿಲ್ಲ. ಆ ಗಂಟೆಯಲ್ಲೇ ದೊಡ್ಡಾಸ್ಪತ್ರೆಗೆ ಹೋದೆ. ಸೋಂಕು ತಗಲದ ಹಾಗೆ ಇಪ್ಪತ್ತೆಂಟು ದಿನದ ಮಾತ್ರೆ ಕೊಟ್ರು. ಲಸಿಕೆಯನ್ನೂ ಅಲ್ಲೇ ಹಾಕಿಬಿಟ್ರು. ಆ ಕಡೆ ನೋಡು ಅನ್ನೋರೂ ಇರಲಿಲ್ಲ."

ಅಳುವಿನ ನಡುವೆಯೂ ಅವಳಿಗೆ ನಗು ಬಂತು.

"ನನಗ್ಯಾಕೆ ಹೇಳಲಿಲ್ಲ?"

"ಯಾವ ಮುಖ ಇಟ್ಕೊಂಡು ಹೇಳಲಿ? ನೂರು ಸಲ ಹೇಳಿದ್ದನ್ನೇ ಮರೆತೆ. ಕೊನೇ ಪರೀಕ್ಷೆಗೆ ಇನ್ನೂ ತಿಂಗಳುಗಳಿವೆ. ಅದಕ್ಕೆ ಮೊದಲೇ ಆ ಮಾತು ಕೇಳಿದ್ರೆ, ನಿಮಗೆ ಇಲ್ಲ ಅನ್ನೋಕೆ ಮನಸ್ಸು ಬರಲ್ಲ. ಮರುಕಕ್ಕೆ ಹೂಂ ಅಂದುಬಿಡ್ತೀರಿ ಅಂತ..."

"ನನ್ನ ಉತ್ತರಾನೂ ನೀವೇ ಬರ್ಕೊಂಡ್ರಾ?" ಅವಳು ಆ ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. ಅವನು ಎಳೆದುಕೊಳ್ಳಲು ನೋಡಿದ, ಅವಳು ಬಿಡಲಿಲ್ಲ. "ಹೀಗೆ ಹಿಡಿದ್ರೆ ಏನೂ ಅಂಟಲ್ಲ. ಗ್ಲೌಸ್ ಮರೆತದ್ದಕ್ಕೆ ಬೈಗುಳ ಬಾಕಿ ಇದೆ, ಅದು ಬೇರೆ ಲೆಕ್ಕ. ಮಾತ್ರೆ ತಪ್ಪಿಸದಿದ್ರೆ ಸೋಂಕು ತಗಲೋದು ತೀರಾ ಅಪರೂಪ. ಒಂದು ವೇಳೆ ತಗಲಿದ್ರೂ ಅದಕ್ಕೂ ಔಷಧಿ ಇದೆ, ಬದುಕಿದೆ, ಸಂಸಾರ ಇದೆ. ಎಲ್ಲಾ ಪರೀಕ್ಷೆಗೂ ನಿಮ್ಮ ಜೊತೆ ನಾನೇ ಬರ್ತೀನಿ."

"ಸಂಸಾರನಾ?! ನಾನಿನ್ನೂ ಕೇಳೇ ಇಲ್ವಲ್ರೀ!"

"ನೀವು ಕೇಳಲಿ ಅಂತ ಕೂತ್ರೆ ನನ್ನ ತಲೆ ನರೆಯುತ್ತೆ. ನಿಮ್ಮನ್ನ ಕಂಡ್ರೆ ನನಗಿಷ್ಟ. ಮೊದಲನೇ ಸೂಜಿಯಿಂದ. ಸಾಕಾ?"

ಅವನು ಕೈ ಎಳೆಯುವುದನ್ನು ಬಿಟ್ಟ. "ಸಾಕು," ಎಂದ.

"ಇವತ್ತಿನ ಮಾತ್ರೆ?"

"ಊಟ ಆದ್ಮೇಲೆ. ಆದ್ರೆ ಈ ಮಾತ್ರೆ ಶುರುವಾದಾಗಿಂದ ಊಟ ನೋಡಿದ್ರೇನೇ ಹೊಟ್ಟೆ ತೊಳಸುತ್ತೆ."

ಅವಳು ಚೀಲದಿಂದ ತನ್ನ ಊಟದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಚಮಚವನ್ನು ಸೆರಗಿನ ತುದಿಯಲ್ಲಿ ಒರೆಸಿ, ಅವನ ಕೈಗಿಟ್ಟಳು.