ಅಲುಗದ ಹುಲ್ಲು

“ನನ್ನ ಗೆರೆ ಮುಟ್ಟೋಕೆ ನಿಮಗೆ ಯಾರು ಹೇಳಿದ್ದು?”

ಚಿತ್ರಗಾರ್ತಿ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದಳು. ಎದುರಿಗೆ ನಿಂತಿದ್ದವನು ಅವಳು ಚಿತ್ರ ಬಿಡಿಸುವ ಸಾಫ್ಟ್‌ವೇರ್ ಬರೆದವನು. ದಪ್ಪ ಕನ್ನಡಕ, ಗುಂಡು ಕಣ್ಣು. ಆ ಅನಿಮೇಷನ್ ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಗೂಬೆ ಎನ್ನುತ್ತಿದ್ದರು. ಆ ಹೆಸರಿಟ್ಟವಳೂ ಅವಳೇ.

ಅವನ ಸಾಫ್ಟ್‌ವೇರ್ ಒಂದು ಸೋಜಿಗ. ಪೆನ್ನಿನಲ್ಲಿ ಗೆರೆ ಎಳೆದರೆ ಸ್ಕ್ರೀನಿನಲ್ಲಿ ಮರದ ಕಾಂಡ ಏಳುತ್ತದೆ, ಸುತ್ತ ಗೀಚಿದರೆ ಎಲೆ ತುಂಬುತ್ತದೆ. ಗಾಳಿಯೂ ಗೆರೆಯಲ್ಲೇ ಇರುತ್ತದೆ: ಎಳೆಯುವ ಕೈ ಎಷ್ಟು ಅಲುಗುತ್ತದೋ ಹುಲ್ಲು ಅಷ್ಟು ತೂಗುತ್ತದೆ. ಎಲ್ಲರ ಹುಲ್ಲೂ ತೂಗುತ್ತಿತ್ತು. ಅವಳದು ಮಾತ್ರ ಈಚೆಗೆ ಮೊಳೆ ಹೊಡೆದ ಹಾಗೆ ನಿಂತಿತ್ತು. ಬೆಳಿಗ್ಗೆ ಡೈರೆಕ್ಟರ್ ಎಲ್ಲರೆದುರೇ ಅಂದುಬಿಟ್ಟಿದ್ದ, “ಏನಮ್ಮಾ, ಇದು ಬಯಲೋ ಬಾಚಣಿಗೆಯೋ? ನಾಳೆಯೂ ಹೀಗೇ ಇದ್ರೆ ಈ ಕೆಲಸ ಬೇರೆಯವರಿಗೆ.”

ತನ್ನ ಕೈಯೇ ಸತ್ತಿತು ಎಂದುಕೊಂಡು ಬಾತ್‌ರೂಮಿನಲ್ಲಿ ಅತ್ತು ಬಂದಿದ್ದಳು. ಆಮೇಲೆ ಸೆಟ್ಟಿಂಗ್ಸ್ ತೆಗೆದು ನೋಡಿದರೆ, ಅವಳ ಕಂಪ್ಯೂಟರಿನಲ್ಲಿ ಮಾತ್ರ ಗೆರೆ ನುಣುಪು ಮಾಡುವ ಸ್ಲೈಡರ್ ಕೊನೆಯವರೆಗೂ ಏರಿತ್ತು.

“ಮಾತಾಡ್ರೀ! ಬಾಯಿಗೆ ಬೀಗ ಹಾಕ್ಕೊಂಡಿದೀರಾ?”

“ನಾನೇ ಏರಿಸಿದ್ದು.” ಅವನು ಅವಳ ಮುಖ ನೋಡಲಿಲ್ಲ, ಬೆರಳು ನೋಡಿದ. “ನಿಮ್ಮ ಕೈ ನಡುಗ್ತಿತ್ತು. ಬೇರೆಯವರ ಕಣ್ಣಿಗೆ ಬೀಳೋದು ಬೇಡ ಅಂತ.”

ಅವಳು ಬೆರಳು ಮಡಚಿಕೊಂಡಳು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಸ್ವಂತ ಅಕ್ಕನಿಗೂ ಹೇಳದೆ ಬಚ್ಚಿಟ್ಟಿದ್ದ ಗುಟ್ಟು ಅದು. ಅಪ್ಪನಿಗೂ ಹೀಗೇ ಬೆರಳ ತುದಿಯಿಂದ ಶುರುವಾಗಿತ್ತು. ಕೊನೆಕೊನೆಗೆ ಅಂಗಿಯ ಗುಂಡಿಯನ್ನೂ ಅಮ್ಮನೇ ಹಾಕಬೇಕಿತ್ತು.

“ಅಂದ್ರೆ, ಕನಿಕರ.”

“ಕನಿಕರ ಅಲ್ಲ.”

“ಮತ್ತೇನು?”

ಅವನ ಕಿವಿ ಕೆಂಪಾಯಿತು. “ಇಲ್ಲಿಗೆ ಬಂದಾಗಿನಿಂದ ಆ ಕೈಯನ್ನೇ ನೋಡ್ತಾ ಕೂತಿದೀನಿ. ನಡುಕ ಅಳಿಸಿದ್ರೆ ಗಾಳೀನೂ ಅಳಿಸಿಹೋಗತ್ತೆ ಅಂತ ಹೊಳೀಲೇ ಇಲ್ಲ. ನಾನೇ ಬರೆದ ಪ್ರೋಗ್ರಾಂ, ನನಗೇ ಹೊಳೀಲಿಲ್ಲ.”

“ಭಾರೀ ಬುದ್ಧಿವಂತ! ಒಂದು ಮಾತು ಕೇಳೋಕೆ ಆಗ್ತಿರಲಿಲ್ವಾ?”

“ಕೇಳಿದ್ರೆ ಮಾರನೇ ದಿನದಿಂದ ನೀವು ಬರ್ತಿರಲಿಲ್ಲ.”

ಅದು ನಿಜ. ನಿಜವಾದ್ದಕ್ಕೇ ಅವಳ ಸಿಟ್ಟು ನೆತ್ತಿಗೇರಿತು. ಸ್ಲೈಡರನ್ನು ಸೊನ್ನೆಗೆ ಎಳೆದು, ಪೆನ್ನು ಹಿಡಿದು, ಬಯಲ ಉದ್ದಕ್ಕೂ ಒಂದೇ ಗೆರೆ ಎಳೆದಳು. ಕೈ ನಡುಗಿತು. ಮರೆಮಾಡಲಿಲ್ಲ.

ಮೊದಲು ಒಂದು ಹುಲ್ಲೆಸಳು ಅಲುಗಿತು. ಆಮೇಲೆ ಇಡೀ ಬಯಲು ಜುಮ್ಮೆಂದು ಹೊರಳಿತು.

“ಮಳೆಗೆ ಮುಂಚಿನ ಗಾಳಿ,” ಎಂದ ಅವನು.

“ನಾಳೆ ಇದನ್ನೇ ತೋರಿಸ್ತೀನಿ. ಯಾರಾದ್ರೂ ಕೇಳಿದ್ರೆ, ಕೈ ನಡುಗತ್ತೆ ಅಂತ ನಾನೇ ಹೇಳ್ತೀನಿ.” ಅವಳ ದನಿ ಇಳಿಯಿತು. “ಆದ್ರೆ ಇದು ಇಷ್ಟಕ್ಕೇ ನಿಲ್ಲಲ್ಲ, ಗೂಬೆ. ಬೆರಳಲ್ಲಿ ಪೆನ್ನೂ ನಿಲ್ಲದ ದಿನ ಬರತ್ತೆ. ನಮ್ಮಮ್ಮ ಪಟ್ಟ ಪಾಡು ನೋಡಿದೀನಿ. ಆಗೇನು ಮಾಡ್ತೀಯ?”

ಬಹುವಚನ ಜಾರಿದ್ದು ಅವಳಿಗೆ ತಿಳಿಯಲಿಲ್ಲ. ಅವನಿಗೆ ತಿಳಿಯಿತು. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ.

“ಗೊತ್ತಿಲ್ಲ. ನಿನ್ನ ಕೇಳದೆ ಮಾತ್ರ ಏನೂ ಮಾಡಲ್ಲ.”

ಅವಳು ನಡುಗುವ ಕೈಯನ್ನು ಮೇಜಿನ ಮೇಲೆ, ಬೆಳಕಿಗೆ ಇಟ್ಟಳು.

ಅವನು ಅದನ್ನು ಅದುಮಿ ನಿಲ್ಲಿಸಲಿಲ್ಲ. ತನ್ನ ಅಂಗೈಯನ್ನು ಕೆಳಗೊಡ್ಡಿ, ನಡುಗಲು ಬಿಟ್ಟ.