ಗುರುವಾರದ ಸುಳ್ಳು

ಅವನ ಬಲಗೈ ಬೇರೊಬ್ಬಳ ಎರಡೂ ಕೈಗಳ ನಡುವೆ ಇತ್ತು!

ಜಮಖಂಡಿಯ ಆಸ್ಪತ್ರೆಯ ಮೊದಲ ಮಹಡಿಯಲ್ಲಿ, ಅರ್ಧ ತೆರೆದ ಬಾಗಿಲಿನ ಮುಂದೆ ದಾನೇಶ್ವರಿ ನಿಂತಲ್ಲೇ ನಿಂತಳು. ಅವ್ವನ ಸಕ್ಕರೆ ಕಾಯಿಲೆಯ ಚೀಟಿ ಅವಳ ಮುಷ್ಟಿಯಲ್ಲಿ ಮುದುಡಿತು. ಒಳಗೆ ಕುಳಿತಿದ್ದವನು ಯಲ್ಲಾಲಿಂಗ. ಅವಳ ಸೋದರತ್ತೆಯ ಮಗ, ಚಿಕ್ಕಂದಿನಿಂದ ಅವಳು ಮಾವ ಎಂದು ಕರೆದವನು, ಇನ್ನೊಂದು ತಿಂಗಳಿಗೆ ಅವಳ ಕೊರಳಿಗೆ ತಾಳಿ ಕಟ್ಟಬೇಕಾದವನು.

ಅವನೆದುರಿಗೆ ಬಿಳಿ ಕೋಟಿನ ಹುಡುಗಿ. ಅವನ ಒಂದೊಂದೇ ಬೆರಳನ್ನು ಮೆಲ್ಲಗೆ ಬಿಡಿಸುತ್ತಾ ಏನೋ ಹೇಳಿದಳು. ಅವನು ನಕ್ಕ.

ಆ ನಗು! ನಿಶ್ಚಯವಾದಾಗಿನಿಂದ ದಾನೇಶ್ವರಿಗೆ ಅವನು ಅಂಥ ನಗು ತೋರಿಸಿಯೇ ಇರಲಿಲ್ಲ.

ಮೆಟ್ಟಿಲಿಗೆ ಬಂದು ಫೋನು ಹಚ್ಚಿದಳು.

"ಮಾವ, ಎಲ್ಲಿದ್ದಿ?"

"ಬನಹಟ್ಟ್ಯಾಗ ಅದೀನಿ ದಾನಿ, ನೂಲಿನ ಅಂಗಡ್ಯಾಗ. ಇವತ್ತ ಗುರುವಾರ ಅಲ್ಲೇನು?"

ಹೌದು, ಗುರುವಾರ. ಮೂರು ತಿಂಗಳಿಂದ ಪ್ರತಿ ಗುರುವಾರ ಅವನು ನೂಲು ತರಲು ಹೋಗುತ್ತಿದ್ದ. ಮನೆಗೆ ಬರುವ ನೂಲು ಮಾತ್ರ ಲಾಳಿಯೊಳಗಿನ ಒಂದು ಕಂಡಿಕೆಯಷ್ಟೂ ಹೆಚ್ಚಿರಲಿಲ್ಲ ಎಂಬುದು ಪಾಪದ ಹುಡುಗಿಗೆ ಹೊಳೆದದ್ದು ಈಗ!

ಊರಿಗೆ ಮರಳುವಾಗ ರಬಕವಿಯ ಬಸ್ಸಿನಲ್ಲಿ ಅವ್ವ ಶಿವಗಂಗವ್ವ ಕೇಳಿಯೇಬಿಟ್ಟಳು. "ಸಕ್ರಿ ಬಿಡು ಅಂತ ಡಾಕ್ಟರ ಅಂದಿದ್ದು ನನಗ. ನಿನ್ನ ಮಾರಿ ಯಾಕ ಕಹಿ ಆತು?"

"ಏನಿಲ್ಲ ಬೇ... ಬಿಸಲಾ."

ಹೊಟ್ಟೆಕಿಚ್ಚಿಗೆ ಬಿಸಿಲು ಅಂತ ಹೆಸರಿಟ್ಟರೆ ಅದು ತಣ್ಣಗಾಗುತ್ತದೆಯೇ? ರಾತ್ರಿಯಿಡೀ ತನ್ನ ಕೈಗಳನ್ನೇ ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಹಸಿರು ಬಣ್ಣ, ಅಂಗೈಯಲ್ಲಿ ಗಡಸು. ಆ ಬಿಳಿ ಕೋಟಿನವಳ ಕೈಗಳೋ, ಮೆತ್ತಗೆ ಬೆಳ್ಳಗೆ ಇದ್ದವು. ಛೇ!

ಮರುದಿನ ಅತ್ತೆಗೆ ಉಪ್ಪಿನಕಾಯಿ ಕೊಡುವ ನೆಪದಲ್ಲಿ ಅವನ ಮನೆಗೆ ಹೋದಳು. ಅತ್ತೆ ಹಿತ್ತಲಲ್ಲಿದ್ದಳು, ಅವನು ಚಹಾಕ್ಕೆ ಹೋಗಿದ್ದ. ಮಗ್ಗದ ಮೇಲೆ ಬಿಳಿ ಪಂಚೆ ಹೊದಿಸಿದ್ದರು.

ಅದರಡಿಯಲ್ಲಿದ್ದದ್ದು ಅವಳ ಮದುವೆಯ ಸೀರೆ. ಈ ಎರಡು ಮನೆಗಳಲ್ಲಿ ಒಂದು ಪದ್ಧತಿ ಇದೆ. ಮದುವಣಗಿತ್ತಿಯ ಸೀರೆಯನ್ನು ಮದುಮಗನೇ ನೇಯಬೇಕು, ಮಗ್ಗದಿಂದ ಇಳಿಯುವವರೆಗೆ ಅವಳು ಅದನ್ನು ನೋಡಬಾರದು. ದಾನೇಶ್ವರಿ ಪಂಚೆ ಸರಿಸಿದಳು. ಸಿಟ್ಟು ಬಂದವರಿಗೆ ಪದ್ಧತಿ ಎಲ್ಲಿ ನೆನಪಿರುತ್ತದೆ!

ಹಸಿರು ಒಡಲು, ಕೆಂಪು ದಡಿ. ಅದರ ಮೇಲೆ ಬೆರಳಾಡಿಸಿದಳು.

ಇದು ಅವನು ನೇಯ್ದದ್ದಲ್ಲ!

ಯಲ್ಲಾಲಿಂಗನ ಮಗ್ಗದ ಹೊಡೆತ ಅವಳಿಗೆ ಗೊತ್ತು. ಬಲಗೈಯಿಂದ ಲಾಳಿಯ ಹಗ್ಗ ಜಗ್ಗಿ, ಎಡಗೈಯಿಂದ ಎಳೆಯನ್ನು ಒತ್ತುವ ಅವನ ಲಯವನ್ನು ನಿಶ್ಚಯವಾಗುವವರೆಗೆ ಹತ್ತು ವರ್ಷ ಪಕ್ಕದ ಮಗ್ಗದಲ್ಲಿ ಕುಳಿತು ಕೇಳಿದವಳು. ನೂರು ಸೀರೆಯ ನಡುವೆ ಇಟ್ಟರೂ ಕಣ್ಣು ಮುಚ್ಚಿ ಅವನದನ್ನು ತೆಗೆಯುತ್ತಿದ್ದಳು. ಇದು ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಕಲಿಯುವವರ ಕೈ.

'ನನ್ನ ಮದುವೆಯ ಸೀರೆಯನ್ನು ಯಾವನೋ ಹೊಸ ಕೂಲಿಯವನಿಗೆ ಒಪ್ಪಿಸಿ, ತಾನು ಅಲ್ಲಿ ಅವಳ ಕೈಯಲ್ಲಿ ಕೈಯಿಟ್ಟು ಕೂತಿದ್ದಾನಾ? ಅವಳಿಗೆ ಸಮಯ ಇದೆ... ನನ್ನ ಸೀರೆಗೆ ಇಲ್ಲ!'

ಅಷ್ಟರಲ್ಲಿ ಮಗ್ಗದ ಪಕ್ಕ ಅವನು ಬಿಟ್ಟುಹೋದ ಫೋನು ಗುಂಯ್‌ಗುಟ್ಟಿತು. ಪರದೆಯ ಮೇಲೆ ಹೆಸರು ಕಂಡಿತು. ಸಂಧ್ಯಾ ಮೇಡಂ.

ಆ ವಾರ ದಾನೇಶ್ವರಿ ಸುಟ್ಟ ರೊಟ್ಟಿಗಳನ್ನು ಮನೆಮಂದಿಯೆಲ್ಲ ಬಾಯಿ ಮುಚ್ಚಿಕೊಂಡು ತಿಂದರು. ಮುಂದಿನ ಗುರುವಾರ ಬೆರಳಿನ ನಿಶ್ಚಯದ ಉಂಗುರ ಬಿಚ್ಚಿ ಪರ್ಸಿಗೆ ಹಾಕಿಕೊಂಡು ಅವಳು ಒಬ್ಬಳೇ ಜಮಖಂಡಿಯ ಬಸ್ಸು ಹತ್ತಿದಳು.

ಬಾಗಿಲು ತಳ್ಳಿದಾಗ ಅದೇ ನೋಟ. ಅವನ ಕೈ, ಅವಳ ಕೈ. ಈ ಸಲ ಹತ್ತಿರದಿಂದ ಕಂಡಳು. ಹುಡುಗಿ ಚೆಲುವೆ ಬೇರೆ!

"ದಾನಿ!" ಯಲ್ಲಾಲಿಂಗ ದಡಬಡಿಸಿ ಎದ್ದ.

"ಕೂಡು ಮಾವ, ನೂಲು ಆರಿಸೂದು ಮುಗೀಲಿ!" ಅವಳು ಉಂಗುರವನ್ನು ಮೇಜಿನ ಮೇಲೆ ಕುಕ್ಕಿದಳು. "ಲಗ್ನ ಬ್ಯಾಡಂದ್ರ ಬ್ಯಾಡ ಅಂತ ಬಾಯಿಬಿಟ್ಟು ಹೇಳಬೇಕಿತ್ತು. ನನ್ನ ಸೀರಿ ಕೂಲಿಯವಗ ಕೊಟ್ಟು ಇಲ್ಲಿ ಬಂದು..."

ಬಿಳಿ ಕೋಟಿನ ಸಂಧ್ಯಾ ಮೆಲ್ಲಗೆ ಎದ್ದು ನಿಂತಳು. "ನಾನು ಮುಧೋಳದಾಕಿರಿ, ಇಲ್ಲಿ ಸಂಶೋಧನಾ ಕೆಲಸ ಮಾಡತೇನಿ. ಆದ್ರ ಇವರ ವಿಷಯ ನಾ ಹೇಳೂ ಹಂಗಿಲ್ಲ. ನೀವ ಹೇಳ್ರಿ ಯಲ್ಲಾಲಿಂಗ. ಹೇಳ್ರಿ ಅಂತ ಎಷ್ಟ ಗುರುವಾರ ಅಂದೇನಿ?"

ಯಲ್ಲಾಲಿಂಗ ತಲೆ ತಗ್ಗಿಸಿದ. "ತೋರಸ್ರಿ ಮೇಡಂ," ಅಂದ.

ಸಂಧ್ಯಾ ತಿರುಗಿಸಿದ ಕಂಪ್ಯೂಟರಿನ ಪರದೆಯ ಮೇಲೆ ಅವನದೇ ಮಗ್ಗದ ವಿಡಿಯೋ. ಬಲಗೈ ಲಾಳಿಯ ಹಗ್ಗ ಹಿಡಿಯಿತು. ಎರಡು ಸಲ ಜಗ್ಗಿತು. ಮೂರನೆಯ ಸಲಕ್ಕೆ ಹೆಬ್ಬೆರಳು ಒಳಕ್ಕೆ ಹೊರಳಿತು, ಮಣಿಕಟ್ಟು ಸೊಟ್ಟಗಾಯಿತು, ಬೆರಳುಗಳು ತಾವಾಗಿಯೇ ಮುದುರಿದವು. ಅವನು ಹಲ್ಲು ಕಚ್ಚಿ ಬಿಡಿಸಲು ನೋಡುತ್ತಿದ್ದ. ಬಿಡಲಿಲ್ಲ.

ಮುಂದಿನ ತುಣುಕಿನಲ್ಲಿ ಅದೇ ಕೈ ರೊಟ್ಟಿ ಮುರಿಯಿತು, ಗುಂಡಿ ಹಾಕಿತು, ಬೈಕು ಓಡಿಸಿತು. ಏನೂ ಆಗಿರಲಿಲ್ಲ!

"ನೋಡಿದವರು ನಾಟಕ ಅಂತಾರ," ಎಂದಳು ಸಂಧ್ಯಾ. "ನಾಟಕ ಅಲ್ಲರಿ. ಇದಕ್ಕ ಡಿಸ್ಟೋನಿಯಾ ಅಂತೀವಿ. ವರ್ಷಗಟ್ಟಲೆ ಒಂದ ಕೆಲಸ ಮಾಡಿದ ಕೈಗೆ ಮೆದುಳಿನಿಂದ ಬರೂ ಅಪ್ಪಣೆ ಕಲಸಿ ಹೋಗತೈತಿ. ಆ ಕೆಲಸ ಮಾಡೂವಾಗಷ್ಟ. ಕೆಲವರಿಗೆ ಬರತೈತಿ, ಕೆಲವರಿಗೆ ಇಲ್ಲ. ಯಾಕ ಅಂತ ತಿಳಕೊಳ್ಳಾಕ ನೇಕಾರರ ಕೈ ನೋಡಾಕತ್ತೇವಿ. ಬಿಗಿ ಸಡಿಲ ಮಾಡೂ ಇಂಜೆಕ್ಷನ್ ಐತಿ, ವ್ಯಾಯಾಮ ಐತಿ. ಪೂರ್ತಿ ಹೋಗತೈತಿ ಅಂತ ಮಾತ್ರ ನಾ ಮಾತು ಕೊಡಲಾರೆ."

ಕೊನೆಯ ತುಣುಕು. ಯಲ್ಲಾಲಿಂಗ ಕೈ ಬದಲಿಸಿ ಕುಳಿತಿದ್ದ. ಹಗ್ಗ ಈಗ ಎಡಗೈಯಲ್ಲಿತ್ತು. ತಪ್ಪುತ್ತಿದ್ದ, ಬಿಚ್ಚುತ್ತಿದ್ದ, ಮತ್ತೆ ನೇಯುತ್ತಿದ್ದ. ಹಸಿರು ಒಡಲು, ಕೆಂಪು ದಡಿ.

ದಾನೇಶ್ವರಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳು ಕೂಲಿಯವನ ಕೈ ಎಂದುಕೊಂಡದ್ದು ಇದನ್ನು!

ಸಂಧ್ಯಾ ಸದ್ದಿಲ್ಲದೆ ಬಾಗಿಲು ಎಳೆದುಕೊಂಡು ಹೊರಗೆ ಹೋದಳು.

"ದಿನಕ್ಕ ನಾಕ ಬೆರಳಷ್ಟು ಆಗತಿತ್ತು," ಯಲ್ಲಾಲಿಂಗ ನೆಲ ನೋಡುತ್ತಾ ಹೇಳಿದ. "ಬ್ಯಾರೆಯವರ ಕೈಲೆ ನೇಯಸಾಕ ಮನಸ ಬರಲಿಲ್ಲ ದಾನಿ."

"ನನಗ ಯಾಕ ಹೇಳಲಿಲ್ಲ?"

"ಕೈ ಹೋದ ನೇಕಾರಗ ಮಗಳನ್ನ ಯಾರ ಕೊಡತಾರ? ನಿಮ್ಮಪ್ಪ ಒಪ್ಪತಿದ್ದಿಲ್ಲ. ನೀ ಒಪ್ಪಿದ್ರೂ... ಅಯ್ಯೋ ಪಾಪ ಅಂತ ಒಪ್ಪತಿದ್ದಿ. ಅದು ನನಗ ಬ್ಯಾಡಾಗಿತ್ತು."

ಅವಳ ಕಣ್ಣಲ್ಲಿ ನೀರು. ಆದರೂ ಸಿಟ್ಟು ಇಳಿದಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

"ಖರೆ ಹೇಳಲೇನ ಮಾವ? ನನಗ ಈಗೂ ಹೊಟ್ಟಿ ಉರ್ಯಾಕತ್ತೈತಿ. ಆಕಿ ನಿನ್ನ ಕೈ ಹಿಡದಾಳ ಅಂತಲ್ಲ. ನಿನ್ನ ಸಂಕಟ ನನಗಿಂತ ಮೊದಲ ಆಕಿಗೆ ಗೊತ್ತಾತಲ್ಲ... ಅದಕ್ಕ! ಮೂರು ತಿಂಗಳ ನೀ ಅಂಜಿ ಕುಂತಿ, ನಾ ಪಕ್ಕದ ಓಣ್ಯಾಗ ಲಗ್ನದ ಬಳಿ ಆರಿಸ್ಕೋತ ಕುಂತೇನಿ."

ಯಲ್ಲಾಲಿಂಗ ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ಎಡಗೈಯನ್ನು ನಿಧಾನವಾಗಿ ಅವಳ ಮುಂದೆ ಚಾಚಿದ.

"ನಿನ್ನೆಯಿಂದ ಇದರ ಹೆಬ್ಬೆರಳೂ ಹಿಡ್ಯಾಕತ್ತೈತಿ ದಾನಿ," ಎಂದ. "ಹಗ್ಗ ಜಗ್ಗುವಾಗ. ಮೇಡಂಗ ಇನ್ನಾ ಹೇಳಿಲ್ಲ. ಯಾರಿಗೂ ಹೇಳಿಲ್ಲ. ಮೊದಲ ನಿನಗ ಹೇಳಾಕತ್ತೇನಿ."

ದಾನೇಶ್ವರಿ ಅಳಲಿಲ್ಲ. ಆ ಕೈಯನ್ನು ತನ್ನ ಗಡಸು ಅಂಗೈಗಳ ನಡುವೆ ತೆಗೆದುಕೊಂಡಳು. ಬಿಸಿಯಾಗಿತ್ತು.

"ಅಂಜಿಕಿ ಆಗೈತೇನ?"

"ಭಾಳ."

"ನನಗೂ ಆಗೈತಿ. ನಡಿ, ಇಬ್ಬರೂ ಕೂಡಿ ಆಕಿಗೆ ಹೇಳೋಣು."

"ಮತ್ತ... ಲಗ್ನ?"

"ಮುಂದಿನ ತಿಂಗಳ ಅಲ್ಲೇನು?" ಅವಳು ಮೂಗು ಒರೆಸಿಕೊಂಡಳು. "ಅದನ್ನೂ ಮೇಡಂನ ಕೇಳಬೇಕೇನ?"